ಮಕ್ಕಳೊಂದಿಗರ ಮನೆಯಲ್ಲಿ ಹಿರಿಯ ಮಗಳು



ವಿದ್ಯಾಶಾಲೆಯ ಸ್ಮರಣ ಸಂಚಿಕೆಗಳಲ್ಲಿ ದೇಶೋನ್ನತಿ, ಸ್ತ್ರೀವಿದ್ಯಾಭ್ಯಾಸ, ಸಾಹಿತ್ಯ ಮೊದಲಾದ ಹಿರಿಯ ವಿಷಯಗಳನ್ನು ಕುರಿತು ಬರೆಯುವುದು ವಾಡಿಕೆಯಾಗಿದೆ. ನಾವಾದರೋ ಈ ಸಲ ಒಂದು ಸಾಮಾನ್ಯ ವಿಷಯವನ್ನು ಎತ್ತಿಕೊಂಡಿರುವೆವು. ಅದು ಯಾವುದೆಂದರೆ, ನಾಲ್ಕಾರು ಮಂದಿ ಚೂಟಿಯಾದ ಎಳೆಯ ಮಕ್ಕಳಿರುವ ಮನೆಯ ದಿನಚರಿ, ಮತ್ತು ಆ ದಿನಚರಿಯಲ್ಲಿ ಹಿರಿಯ ಮಗಳಿಗೆ ಬರುವ ಪಾಲು. ಒಬ್ಬ ಬಾಲಿಕೆಯ ಓದು ಮುಂದುವರಿಯುವುದೋ ಕುಂಟುವುದೋ ಎಂಬುದು ಎಷ್ಟೋ ಸಲ ಬೆಳಗಿನ ಏಳು ಗಂಟೆಗೆ ಅಡಿಗೆಮನೆಯಿಂದ ಯಾರ ಹೆಸರು ಹಿಡಿದು ಕೂಗುತ್ತಾರೆಂಬುದರಿಂದಲೇ ನಿರ್ಣಯವಾಗುತ್ತದೆ. ಆದಕಾರಣ ಈ ವಿಷಯವನ್ನು ವಿದ್ಯಾಶಾಲೆಯ ಸಂಚಿಕೆಯಲ್ಲಿಯೇ ಚರ್ಚಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ದೃಷ್ಟಾಂತಕ್ಕಾಗಿ ನಮ್ಮ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿಗೆ ಸೇರಿದ ಚೇಳೂರನ್ನು ತೆಗೆದುಕೊಳ್ಳೋಣ. ಅದು ಒಂದು ಹೋಬಳಿಯ ಕೇಂದ್ರ. ಸುತ್ತಲೂ ತೆಂಗು ಅಡಕೆಯ ತೋಟಗಳು, ರಾಗಿಯ ಹೊಲಗಳು, ಬದುಗಳ ಮೇಲೆ ಹಲಸು ಹುಣಸೆಯ ಮರಗಳು. ಇಂಥ ಊರಿನ ಒಕ್ಕಲು ಮನೆಯೊಂದರಲ್ಲಿ ಅಣ್ಣತಮ್ಮಂದಿರ ಎರಡು ಸಂಸಾರಗಳು ಒಂದೇ ಒಲೆಯ ಅಡಿಗೆಯನ್ನು ಉಣ್ಣುತ್ತಿದ್ದರೆ ಐದಾರು ಮಕ್ಕಳು ಒಂದೇ ಅಂಗಳದಲ್ಲಿ ಆಡುವುದು ಸಹಜ. ಬೆಳಗಾಗುತ್ತಲೇ ಒಬ್ಬನು ಹಾಲಿನಲ್ಲಿ ಕೆನೆ ಬಂದಿತೆಂದು ಅಳುವನು. ಇನ್ನೊಬ್ಬಳು ಕೆನೆ ತನಗೆ ಬರಲಿಲ್ಲವೆಂದು ಅಳುವಳು. ಮೂರನೆಯವನು ಕರುವಿನ ಹಗ್ಗವನ್ನು ಬಿಚ್ಚಿಬಿಟ್ಟು, ಅದು ಹಾಲನ್ನೆಲ್ಲ ಕುಡಿದ ಮೇಲೆ ತನಗೇನೂ ತಿಳಿಯದವನಂತೆ ಕಂಬವನ್ನು ಹಿಡಿದು ನಿಲ್ಲುವನು. ಎಲ್ಲರಿಗಿಂತ ಚಿಕ್ಕ ಕೂಸು ರಂಗೋಲಿಯ ಬಟ್ಟಲನ್ನು ತಲೆಯ ಮೇಲೆ ಸುರಿದುಕೊಂಡು ನಗುತ್ತಿರುವುದು. ಈ ಗದ್ದಲವನ್ನು ನಾವು ದೋಷವೆಂದು ಎಣಿಸುವುದಿಲ್ಲ. ಮಕ್ಕಳು ಸದ್ದಿಲ್ಲದೆ ಕುಳಿತರೆ ಜ್ವರ ಬಂದಿತೋ ಎಂದು ಹಣೆಯನ್ನು ಮುಟ್ಟಿ ನೋಡುವ ತಾಯಂದಿರು ನಮ್ಮವರು. ಮಕ್ಕಳ ಚೇಷ್ಟೆಯು ಆರೋಗ್ಯದ ಗುರುತು. ಅದನ್ನು ಅಡಗಿಸಬೇಕೆಂದು ನಾವು ಹೇಳುವವರಲ್ಲ.

ಇಂದಿನ ಕಾಲದಲ್ಲಿ ಒಬ್ಬ ತಾಯಿಗೆ ಏಳೆಂಟು ಮಕ್ಕಳಿರುವುದು ಅಪೂರ್ವ. 2019–21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಸ್ತ್ರೀಗೆ ಹುಟ್ಟುವ ಮಕ್ಕಳ ಸರಾಸರಿ ಸಂಖ್ಯೆ 1.7 ಮಾತ್ರ. ಹೀಗಿರುವಲ್ಲಿ ಹಿರಿಯ ಮಗಳ ಭಾರದ ಮಾತು ಹಳೆಯದಾಗಲಿಲ್ಲವೇ ಎಂದು ಕೆಲವರು ಕೇಳಬಹುದು. ಆದರೆ ಸರಾಸರಿ ಲೆಕ್ಕವು ಎಲ್ಲ ಮನೆಗಳ ಲೆಕ್ಕವಲ್ಲ. ಕೂಡು ಕುಟುಂಬದಲ್ಲಿ ಚಿಕ್ಕಪ್ಪನ ಮಕ್ಕಳೂ ದೊಡ್ಡಪ್ಪನ ಮಕ್ಕಳೂ ಒಂದೆಡೆ ಬೆಳೆಯುವರು. ಬೇಸಗೆಯ ರಜೆಯಲ್ಲಿ ಸೋದರತ್ತೆಯ ಮಕ್ಕಳು ಬಂದು ಸೇರುವರು. ಅದಿರಲಿ, ತಾಯಿಯು ತೋಟಕ್ಕೋ ಕೂಲಿಗೋ ಕಾರ್ಖಾನೆಗೋ ಹೋಗುವ ಮನೆಯಲ್ಲಿ ಇಬ್ಬರು ಎಳೆಯರಿದ್ದರೂ ಸಾಕು, ಹತ್ತು ವರ್ಷದ ಅಕ್ಕನಿಗೆ ಅದು ತುಂಬಿದ ಸಂಸಾರವೇ ಆಗುತ್ತದೆ.

ಆ ಅಕ್ಕನ ಪಾಡು ಏನೆಂಬುದನ್ನು ವಿಚಾರಿಸೋಣ. ಮಗುವಿಗೆ ಮುಖ ತೊಳೆಸುವುದು, ತಮ್ಮನ ಅಂಗಿಗೆ ಗುಂಡಿ ಹಾಕುವುದು, ತಂಗಿಯ ಜಡೆ ಹೆಣೆಯುವುದು, ಕೂಸನ್ನು ಸೊಂಟದ ಮೇಲೆ ಹೊತ್ತು ಆಡಿಸುವುದು, ಇವೆಲ್ಲ ಅವಳ ಪಾಲು. ತಮ್ಮನು ಬಿದ್ದರೆ ಏಟು ಅವನಿಗೆ, ಬೈಗುಳು ಅವಳಿಗೆ. ಸಂಜೆ ಅವಳು ಪುಸ್ತಕವನ್ನು ತೆರೆಯುವ ಹೊತ್ತಿಗೆ ಸರಿಯಾಗಿ ತಾಯಿಗೆ ರೊಟ್ಟಿ ತಟ್ಟುವ ಹೊತ್ತು. ಮಗುವನ್ನು ಯಾರಾದರೂ ಹಿಡಿಯಬೇಕಷ್ಟೆ. ಆ ಯಾರಾದರೂ ಎಂಬ ಮಾತಿಗೆ ನಮ್ಮ ಮನೆಗಳಲ್ಲಿ ಒಂದೇ ಅರ್ಥವುಂಟು. ಇದನ್ನು ಯಾರೂ ಕ್ರೌರ್ಯದಿಂದ ಮಾಡುವುದಿಲ್ಲ. ತಾಯಿಗೆ ನಿಜವಾಗಿಯೂ ಕೈ ಬಿಡುವಿಲ್ಲ. ಮಗಳಿಗೆ ನಿಜವಾಗಿಯೂ ತಮ್ಮತಂಗಿಯರ ಮೇಲೆ ಪ್ರೀತಿಯುಂಟು. ಪ್ರೀತಿಯಿಂದ ನಡೆಯುವುದರಿಂದಲೇ ಈ ನಷ್ಟವು ಯಾರ ಕಣ್ಣಿಗೂ ಬೀಳುವುದಿಲ್ಲ. ವರ್ಷದ ಕೊನೆಗೆ ಗಣಿತದಲ್ಲಿ ಅಂಕಗಳು ಕಡಿಮೆಯಾದಾಗ, ಹುಡುಗಿಗೆ ಬುದ್ಧಿ ಸಾಲದೆಂದು ಎಲ್ಲರೂ ಹೇಳುವರು.

ಚೇಳೂರಿನ ಸೀಮೆಯು ಹಲಸಿಗೆ ಹೆಸರಾದುದು. ಹಲಸಿನ ಕಾಲದಲ್ಲಿ ದೊಡ್ಡ ಹಣ್ಣೊಂದನ್ನು ಮನೆಯಲ್ಲಿ ಬಿಡಿಸುವುದನ್ನು ನೋಡಿದವರಿಗೆ ನಮ್ಮ ಮಾತು ಸುಲಭವಾಗಿ ತಿಳಿಯುವುದು. ಅಂಗೈಗೂ ಕತ್ತಿಗೂ ಎಣ್ಣೆ ಸವರಿಕೊಂಡು ಹಣ್ಣನ್ನು ಹೋಳು ಮಾಡಿ, ಅಂಟನ್ನು ಒರಸಿ, ನಾರನ್ನು ಸರಿಸಿ, ಒಂದೊಂದೇ ತೊಳೆಯನ್ನು ಬಿಡಿಸಬೇಕು. ಬೀಜವನ್ನು ಸಾರಿಗೆಂದು ಬೇರೆ ತೆಗೆದಿಡಬೇಕು. ಸುತ್ತ ಕುಳಿತ ಮಕ್ಕಳ ಕೈಗಳು ಮಾತ್ರ ತೊಳೆ ಬಿದ್ದ ತಟ್ಟೆಯ ಮೇಲೆಯೇ ಇರುವುವು. ಅಂಟು ಒಬ್ಬಳ ಕೈಗೆ, ತೊಳೆ ಎಲ್ಲರ ಬಾಯಿಗೆ. ಮಕ್ಕಳೊಂದಿಗರ ಮನೆಯಲ್ಲಿ ಹಿರಿಯ ಮಗಳ ಸ್ಥಿತಿಯೂ ಬಹುಮಟ್ಟಿಗೆ ಹೀಗೆಯೇ. ಇದೇ ಚೇಳೂರು ಹೋಬಳಿಯಲ್ಲಿ ಬೆಳೆದ ಒಂದು ಮರದ ಹಣ್ಣನ್ನು ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಪರೀಕ್ಷಿಸಿ ಮೆಚ್ಚಿ, ಅದು ‘ಸಿದ್ದು’ ಹಲಸೆಂದು ಪ್ರಸಿದ್ಧವಾಗಿದೆ. ತಾಮ್ರಗೆಂಪಿನ ತೊಳೆಗಳುಳ್ಳ ಆ ಹಣ್ಣಿನ ತೂಕ ಸುಮಾರು ಎರಡೂವರೆ ಕಿಲೋಗ್ರಾಂ. ಒಂದರಲ್ಲಿ 25ರಿಂದ 30 ತೊಳೆಗಳು. ಸಣ್ಣ ಸಂಸಾರಕ್ಕೆ ಇದು ತಕ್ಕ ಹಣ್ಣು. ಆದರೆ ಹಣ್ಣು ಚಿಕ್ಕದಾದ ಮಾತ್ರಕ್ಕೆ ಅಂಟು ಇಲ್ಲದೆ ಹೋಗುವುದಿಲ್ಲ. ಸಂಸಾರವೂ ಚಿಕ್ಕದಾಗಿದೆ, ಕೆಲಸದ ಅಂಟು ಯಾರ ಕೈಗೆ ಎಂಬ ಪ್ರಶ್ನೆಯು ಉಳಿದೇ ಇದೆ.

ನಮ್ಮ ಅಭಿಪ್ರಾಯಕ್ಕೆ ಬರುವ ಮೊದಲನೆಯ ಆಕ್ಷೇಪಣೆಯು ಇದು: ಹೆಣ್ಣು ಮಗಳು ನಾಳೆ ಮನೆಯನ್ನು ನಡೆಸಬೇಕಾದವಳು, ಈಗಲೇ ಕಲಿಯಲಿ. ಶಿಶುಪಾಲನೆಯು ಶ್ರೇಷ್ಠವಾದ ವಿದ್ಯೆಯೆಂಬುದನ್ನು ನಾವು ಸಂಪೂರ್ಣವಾಗಿ ಒಪ್ಪುತ್ತೇವೆ. ಅದು ಅಷ್ಟು ಶ್ರೇಷ್ಠವಾದರೆ ಗಂಡು ಮಕ್ಕಳನ್ನು ಅದರಿಂದ ವಂಚಿಸುವುದೇಕೆ? ಅವರೂ ನಾಳೆ ತಂದೆಗಳಾಗತಕ್ಕವರೇ. ಅದೂ ಅಲ್ಲದೆ ಕಲಿಯುವುದಕ್ಕೂ ದುಡಿಯುವುದಕ್ಕೂ ಭೇದವುಂಟು. ಅನ್ನ ಬಸಿಯುವುದನ್ನು ಕಲಿಯಲು ಕೆಲವು ದಿನಗಳು ಸಾಕು; ಐದು ವರ್ಷ ದಿನವೂ ಬಸಿದರೆ ಅದು ಪಾಠವಾಗಿ ಉಳಿಯುವುದಿಲ್ಲ, ಚಾಕರಿಯಾಗುವುದು.

ಎರಡನೆಯ ಆಕ್ಷೇಪಣೆ: ಗಂಡು ಹುಡುಗನು ಪೊರಕೆ ಹಿಡಿದರೆ ನೆರೆಯವರು ನಗುವರು. ಈ ನಗೆಗೆ ನಾವು ತೆರುತ್ತಿರುವ ಬೆಲೆಯನ್ನು ಅಂಕಿಗಳಲ್ಲಿಯೇ ನೋಡಬಹುದು. 2019ರಲ್ಲಿ ಭಾರತ ಸರ್ಕಾರವು ದೇಶದಲ್ಲೆಲ್ಲ ಜನರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂಬುದನ್ನು ಸಮೀಕ್ಷೆ ಮಾಡಿಸಿತು. ಆರು ವರ್ಷ ತುಂಬಿದವರೆಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ, ಸಂಬಳವಿಲ್ಲದ ಮನೆಗೆಲಸದಲ್ಲಿ ಕೈ ಹಾಕಿದವರು ಸ್ತ್ರೀಯರಲ್ಲಿ ನೂರಕ್ಕೆ 81 ಮಂದಿ, ಪುರುಷರಲ್ಲಿ ನೂರಕ್ಕೆ 26 ಮಂದಿ. ಹಾಗೆ ಕೆಲಸ ಮಾಡಿದವರ ಪೈಕಿ ಸ್ತ್ರೀಯರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಪುರುಷರು 97 ನಿಮಿಷಗಳನ್ನೂ ಅದರಲ್ಲಿ ಕಳೆದಿದ್ದರು. ದಿನಕ್ಕೆ ಸುಮಾರು ಐದು ಗಂಟೆ! ಈ ಅಂತರವು ಮದುವೆಯ ದಿನ ಹುಟ್ಟುವುದಲ್ಲ. ತಂಗಿಯನ್ನು ನೀರಿಗೆ ಕಳುಹಿಸಿ ಅಣ್ಣನನ್ನು ಆಟಕ್ಕೆ ಬಿಟ್ಟ ಅಂಗಳದಲ್ಲಿಯೇ ಅದು ಮೊಳೆಯುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಮಕ್ಕಳ ಚೇಷ್ಟೆಯೇ ಈ ತೊಡಕಿಗೆ ಪರಿಹಾರವೂ ಆಗಬಲ್ಲದೆಂಬುದು ನಮ್ಮ ನಂಬಿಕೆ. ಸ್ತ್ರೀಯರಿಗಾಗಿ ‘ಸರಸ್ವತಿ’ ಎಂಬ ಪತ್ರಿಕೆಯನ್ನು ನಡೆಸಿದ ಆರ್. ಕಲ್ಯಾಣಮ್ಮನವರು 1938ರಲ್ಲಿ ಬೆಂಗಳೂರಿನಲ್ಲಿ ಮಕ್ಕಳ ಕೂಟವನ್ನು ಸ್ಥಾಪಿಸಿದರು. ಮಕ್ಕಳಿಗೂ ತಮ್ಮದೇ ಆದ ಕೂಟವೂ ಕಾರ್ಯವೂ ಇರಬೇಕೆಂಬುದನ್ನು ನಮ್ಮ ನಾಡು ಹೀಗೆ ಬಹು ಹಿಂದೆಯೇ ಕಂಡುಕೊಂಡಿತು. ಅದರ ಮರುವರ್ಷ, 1939ರಲ್ಲಿ, ಇಟಲಿಯ ಮರಿಯಾ ಮಾಂಟೆಸ್ಸೊರಿಯವರು ಮದರಾಸಿಗೆ ಬಂದು, ಯುದ್ಧದ ಕಾಲವನ್ನೆಲ್ಲ ಭಾರತದಲ್ಲಿಯೇ ಕಳೆದು ಅನೇಕ ಉಪಾಧ್ಯಾಯರಿಗೆ ಶಿಕ್ಷಣವನ್ನು ಕೊಟ್ಟರು. ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುವುದು, ಗುಂಡಿ ಹಾಕುವುದು, ನೆಲ ಗುಡಿಸುವುದು ಮೊದಲಾದ ಮನೆಯ ಕೆಲಸಗಳೇ ಅವರ ಪದ್ಧತಿಯಲ್ಲಿ ಎಳೆಯ ಮಕ್ಕಳ ಮೊದಲ ಪಾಠಗಳು. ಗಂಡು ಹೆಣ್ಣೆಂಬ ಭೇದ ಅಲ್ಲಿಲ್ಲ. ಮೂರು ವರ್ಷದ ಮಗುವು ನಮ್ಮ ಕೈಯಿಂದ ಪೊರಕೆಯನ್ನು ಕಿತ್ತುಕೊಳ್ಳುವುದು ತಂಟೆಗಾಗಿ ಅಲ್ಲ. ದೊಡ್ಡವರ ಕೆಲಸದಲ್ಲಿ ಪಾಲು ಬೇಕೆಂಬ ಆಸೆಯಿಂದ. ಆಗ ಗದರಿಸಿ ದೂಡಿದ ಹುಡುಗನೇ ಹನ್ನೆರಡನೆಯ ವಯಸ್ಸಿನಲ್ಲಿ ಉಂಡ ತಟ್ಟೆಯನ್ನು ಎತ್ತದೆ ಏಳುವನು.

ಆದುದರಿಂದ ಕೆಲಸವನ್ನು ಲಿಂಗಭೇದ ನೋಡದೆ ವಯಸ್ಸಿಗೆ ತಕ್ಕಂತೆ ಹಂಚಬೇಕು. ನಾಲ್ಕು ವರ್ಷದ ಮಗುವು ಚಮಚಗಳನ್ನು ಜೋಡಿಸಲಿ, ಅವರೆಕಾಯಿ ಸುಲಿಯಲಿ. ಆರು ವರ್ಷದವನು ತನ್ನ ಹಾಸಿಗೆಯನ್ನು ಸುತ್ತಿಡಲಿ, ಕೋಳಿಗೆ ಕಾಳು ಹಾಕಲಿ. ಎಂಟು ವರ್ಷದವನು ತನ್ನ ತಟ್ಟೆಲೋಟಗಳನ್ನು ತೊಳೆಯಲಿ, ಅಂಗಳ ಗುಡಿಸಲಿ. ಹತ್ತರವನು ತಂಗಿಗೆ ಅಂಗಿ ತೊಡಿಸಲಿ. ಮೊದಲ ತಿಂಗಳು ಎರಡು ಲೋಟ ಒಡೆಯಬಹುದು, ಅಂಗಳದ ಕಸ ಮೂಲೆಯಲ್ಲಿಯೇ ಉಳಿಯಬಹುದು, ಅಷ್ಟನ್ನು ಸಹಿಸತಕ್ಕದ್ದು. ಇದು ಮಕ್ಕಳನ್ನು ಕೂಲಿಗೆ ಹಚ್ಚುವ ಮಾತಲ್ಲವೆಂಬುದನ್ನು ಹೇಳಬೇಕಾಗಿಲ್ಲ. ಎಲ್ಲರಿಗೂ ಸ್ವಲ್ಪ ಸ್ವಲ್ಪ ಬಂದರೆ ಯಾರೊಬ್ಬರ ಆಟವೂ ಓದೂ ಕೆಡುವುದಿಲ್ಲ.

ತಾಯಿಯೊಬ್ಬಳನ್ನೇ ಹೊಣೆ ಮಾಡಿ ನಾವು ಬರೆಯುತ್ತಿಲ್ಲ. ತಂದೆಯು ಸಂಜೆ ಒಂದು ಗಂಟೆ ಮಗುವನ್ನು ಎತ್ತಿಕೊಂಡರೆ ಅವನ ಗೌರವಕ್ಕೆ ಕುಂದಿಲ್ಲ. ಹಿರಿಯ ಮಗಳಿಗೆ ಒಂದು ಗಂಟೆ ಓದು ಲಾಭ. ಮನೆಯ ಹೊರಗೂ ಸಹಾಯವುಂಟು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾದ ಶಿಶು ಅಭಿವೃದ್ಧಿ ಯೋಜನೆಯು ನಮ್ಮ ರಾಜ್ಯದಲ್ಲಿ ಮೊದಲು ತಿರುಮಕೂಡಲು ನರಸೀಪುರದಲ್ಲಿ ಕಾಲಿಟ್ಟು, ಈಗ ಊರೂರಿಗೆ ಅಂಗನವಾಡಿಯಾಗಿ ಬಂದಿದೆ. ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಕೂಸುಗಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವ ಕಾರ್ಯವನ್ನು ಕರ್ನಾಟಕ ಸರ್ಕಾರವು 2023ರಲ್ಲಿ ಕೈಗೊಂಡಿತು. ಅಂಗನವಾಡಿಗೆ ತಮ್ಮನನ್ನು ದಿನವೂ ತಪ್ಪದೆ ಕಳುಹಿಸುವುದು ತಮ್ಮನಿಗೆ ಮಾತ್ರ ಉಪಕಾರವಲ್ಲ, ಅವನ ಅಕ್ಕನಿಗೂ ಉಪಕಾರ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣವು ಹಕ್ಕೆಂದು 2009ರ ಶಾಸನವು ಹೇಳಿದೆ. ಅದು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆದರೆ ಶಾಸನದ ಕಣ್ಣು ಹಾಜರಿ ಪುಸ್ತಕದವರೆಗೆ ಹೋದೀತು; ರಾತ್ರಿ ದೀಪದ ಕೆಳಗೆ ಅವಳ ಮಡಿಲಲ್ಲಿರುವುದು ಪುಸ್ತಕವೋ ಕೂಸೋ ಎಂದು ನೋಡಬೇಕಾದವರು ಮನೆಯವರೇ.

ತಾಯ್ತಂದೆಗಳಲ್ಲಿ ನಮ್ಮ ಬಿನ್ನಹವು ಮೂರು ಮಾತುಗಳಲ್ಲಿ ಮುಗಿಯುತ್ತದೆ. ಮನೆಯಲ್ಲಿ ನೆಂಟರು ಬಂದರೆಂದೂ ಮಗುವಿಗೆ ಶೀತವಾಯಿತೆಂದೂ ಮಗಳನ್ನು ಶಾಲೆ ಬಿಡಿಸಿ ನಿಲ್ಲಿಸಿಕೊಳ್ಳಬೇಡಿರಿ. ಒಂದೊಂದೇ ದಿನವಾಗಿ ಹೋದದ್ದು ವರ್ಷದ ಕೊನೆಗೆ ಒಂದು ತಿಂಗಳಾಗುವುದು. ಸಂಜೆ ಏಳರಿಂದ ಒಂಬತ್ತರವರೆಗೆ ಓದುವ ಮಕ್ಕಳನ್ನು ಯಾವ ಕೆಲಸಕ್ಕೂ ಕರೆಯುವುದಿಲ್ಲವೆಂದು ಮನೆಯಲ್ಲಿ ಕಟ್ಟಳೆ ಮಾಡಿರಿ. ಮಗನಿಗೆ ಕೊಟ್ಟ ಬಿಡುವನ್ನು ಮಗಳಿಗೂ, ಮಗಳಿಗೆ ಕೊಟ್ಟ ಕೆಲಸವನ್ನು ಮಗನಿಗೂ ಕೊಡಿರಿ.

ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಹೆಚ್ಚಾಗಿ ಹೇಳಬೇಕಾದುದಿಲ್ಲ. ನಿಮ್ಮಲ್ಲಿ ಅನೇಕರು ಹಿರಿಯ ಮಕ್ಕಳಾಗಿ ಬೆಳೆದವರು; ತೊಟ್ಟಿಲನ್ನು ಕಾಲಿನಿಂದ ತೂಗುತ್ತ ಕೈಯಲ್ಲಿ ಭೂಗೋಳವನ್ನು ಹಿಡಿದು ಉರುಹೊಡೆದವರು. ಅದನ್ನು ಜ್ಞಾಪಿಸಿಕೊಳ್ಳುವಾಗ ಈಗ ನಿಮಗೆ ಹೆಮ್ಮೆಯೂ ಆಗಬಹುದು. ಆದರೆ ಆ ಹೆಮ್ಮೆಯನ್ನು ನಿಮ್ಮ ಹಿರಿಯ ಮಗಳಿಗೆ ಬಳುವಳಿಯಾಗಿ ಕೊಡಬೇಡಿರಿ. ನೀವು ತೂಗಿದ ತೊಟ್ಟಿಲಲ್ಲಿ ಮಲಗಿದ್ದವರು ಇಂದು ಓದಿ ಮುಂದೆ ಬಂದಿದ್ದರೆ, ಅದಕ್ಕೆ ನಿಮ್ಮ ಬಾಲ್ಯದ ಒಂದು ಪಾಲು ವೆಚ್ಚವಾಗಿದೆ. ನಿಮ್ಮ ಮಗಳ ಬಾಲ್ಯವಾದರೂ ಅವಳಿಗೇ ಉಳಿಯಲಿ. ಅವಳು ತಮ್ಮತಂಗಿಯರಿಗೆ ಅಕ್ಕನಾಗಿ, ಅವರೊಂದಿಗೆ ಆಡಿ, ಜಗಳವಾಡಿ, ಹಲಸಿನ ತೊಳೆಗೆ ತಾನೂ ಕೈ ಚಾಚಿ ಬೆಳೆಯಲೆಂದು ನಾವು ಹಾರೈಸುತ್ತೇವೆ.