ತಬ್ಬಲಿ ಮರಿಗಳೂ ನಮ್ಮ ಅಗ್ಗದ ಕರುಣೆಯೂ

ಉರ್ದು ಶಾಲೆಯ ಮೆಟ್ಟಿಲು ಹತ್ತಿದವರಿಗೆಲ್ಲ 'ಯತೀಮ್' ಎಂಬ ಪದ ಗೊತ್ತು. ತಂದೆಯನ್ನು ಕಳೆದುಕೊಂಡ ಮಗು ಯತೀಮ್. ಆದರೆ ಅರಬಿ ನಿಘಂಟುಕಾರರು ಈ ಪದದ ಜೊತೆಗೆ ಇನ್ನೊಂದು ಮಾತನ್ನೂ ಬರೆದಿಟ್ಟಿದ್ದಾರೆ. ಮನುಷ್ಯರಲ್ಲಿ ತಂದೆ ಸತ್ತರೆ ಯತೀಮ್, ಪ್ರಾಣಿಗಳಲ್ಲಿ ತಾಯಿ ಸತ್ತರೆ ಯತೀಮ್. ಕನ್ನಡದಲ್ಲಿ ತಬ್ಬಲಿ ಎಂದೊಡನೆ ಪುಣ್ಯಕೋಟಿಯ ಕರು ಕಣ್ಣ ಮುಂದೆ ನಿಲ್ಲುತ್ತದೆ. ಮೂಕಪ್ರಾಣಿಯ ಮರಿಗೂ ಅನಾಥತನವಿದೆ ಎಂಬುದನ್ನು ನಾವಾಡುವ ಎರಡು ಭಾಷೆಗಳೂ ಒಪ್ಪಿಕೊಂಡಿವೆ. ಆ ಭಾಷೆಗಳನ್ನಾಡುವ ನಾವು ಒಪ್ಪಿಕೊಂಡಿದ್ದೇವೆಯೇ? ಪುಣ್ಯಕೋಟಿಯ ಕರುವಿಗಾಗಿ ಅತ್ತ ಕಣ್ಣುಗಳು ಬೇಲಿಯ ಬದಿಯಲ್ಲಿ ಚೀರುವ ಬೆಕ್ಕಿನ ಮರಿಯ ಮುಂದೆ ಒಣಗಿ ಹೋಗುವುದೇಕೆ?

ಅನಾಥ ಮರಿಗಳು ಆಕಾಶದಿಂದ ಉದುರುವುದಿಲ್ಲ. ಅವುಗಳನ್ನು ಅನಾಥ ಮಾಡುವವರು ನಾವೇ. ನಮ್ಮ ಬಾಗೂರನ್ನೇ ನೋಡಿ. ಚನ್ನರಾಯಪಟ್ಟಣ ತಾಲ್ಲೂಕಿನ ಈ ಹೋಬಳಿ ತೆಂಗು, ರಾಗಿಯ ಸೀಮೆ. ಅಟ್ಟದ ಮೇಲೆ ಕೊಬ್ಬರಿ, ಮೂಲೆಯಲ್ಲಿ ರಾಗಿ ಮೂಟೆ ಇದ್ದ ಮನೆಯಲ್ಲಿ ಇಲಿ ಇರಲೇಬೇಕು. ಇಲಿ ಇದ್ದಲ್ಲಿ ಬೆಕ್ಕು ಇರಬೇಕು ಎಂಬುದು ಹಿರಿಯರ ಲೆಕ್ಕ. ಬೆಕ್ಕು ಆಗ ಮುದ್ದಿನ ಪ್ರಾಣಿಯಾಗಿರಲಿಲ್ಲ, ಸಂಬಳವಿಲ್ಲದ ಕಾವಲುಗಾರನಾಗಿತ್ತು. ಈಗ ಕಾವಲುಗಾರನ ಜಾಗಕ್ಕೆ ಇಲಿ ಪಾಷಾಣದ ಪೊಟ್ಟಣ ಬಂದಿದೆ. ಬ್ರೊಮಾಡಿಯೊಲೋನ್‌ನಂಥ ವಿಷ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಅದರ ರಕ್ತ ಹೆಪ್ಪುಗಟ್ಟುವ ಗುಣ ಕಳೆದುಕೊಳ್ಳುತ್ತದೆ; ಕೆಲವು ದಿನ ನಿಧಾನವಾಗಿ, ತೂರಾಡುತ್ತಾ ಓಡಾಡಿಕೊಂಡಿರುತ್ತದೆ. ಹಾಲೂಡುವ ತಾಯಿಬೆಕ್ಕಿಗೆ ಅಂಥ ಇಲಿ ಸುಲಭದ ಬೇಟೆ. ವಿಷ ಇಲಿಯಿಂದ ಬೆಕ್ಕಿಗೆ ದಾಟುತ್ತದೆ. ತಾಯಿ ಎಲ್ಲೋ ಬೇಲಿ ಸಂದಿಯಲ್ಲಿ ಸತ್ತು ಬಿದ್ದಿರುತ್ತದೆ, ಅಟ್ಟದ ಮೇಲೆ ನಾಲ್ಕು ಮರಿಗಳು ಕಣ್ಣು ಬಿಡುವ ಮೊದಲೇ ಕೂಗಿ ಕೂಗಿ ಸುಮ್ಮನಾಗುತ್ತವೆ. ವಿಷ ಇಟ್ಟ ಕೈಗೆ ತಾನೊಂದು ಸಂಸಾರವನ್ನೇ ಕೊಂದೆನೆಂಬುದು ತಿಳಿಯುವುದೇ ಇಲ್ಲ.

ಇದಾದರೂ ತಿಳಿಯದೆ ನಡೆಯುವ ಕೊಲೆ. ತಿಳಿದು ಮಾಡುವುದು ಗೋಣಿಚೀಲದ ಕೆಲಸ. ಮನೆಯ ಬೆಕ್ಕು ಮರಿ ಹಾಕಿತೆಂದರೆ ಸಾಕು, ಎಂಟು ದಿನದಲ್ಲಿ ಚೀಲ ಸಿದ್ಧವಾಗುತ್ತದೆ. ಸಂತೆ ಮಾಳದಲ್ಲೋ, ಮಾಂಸದ ಅಂಗಡಿಯ ಹಿಂದೆಯೋ, ಕಾಲುವೆ ಏರಿಯ ಮೇಲೋ ಬಿಟ್ಟು ಬಂದರೆ ಮುಗಿಯಿತು. ನಮ್ಮವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮಸೀದಿಯ ಕಾಂಪೌಂಡಿನಲ್ಲಿ ಬಿಡುತ್ತಾರೆ. ಕೇಳಿದರೆ, "ಅಲ್ಲಾಹನ ಹವಾಲೆ ಮಾಡಿ ಬಂದೆವು" ಎನ್ನುತ್ತಾರೆ. ಇನ್ನು ಕೆಲವರು ದೇವಸ್ಥಾನದ ಬಳಿ ಬಿಟ್ಟು "ದೇವರು ನೋಡಿಕೊಳ್ಳುತ್ತಾನೆ" ಎನ್ನುತ್ತಾರೆ. ದೇವರ ಹೆಸರಿನಲ್ಲಿ ಜವಾಬ್ದಾರಿ ಕಳಚಿಕೊಳ್ಳುವುದರಲ್ಲಿ ಮಾತ್ರ ನಮ್ಮಲ್ಲಿ ಜಾತಿ ಮತದ ಭೇದವಿಲ್ಲ!

ಕಾನೂನು ಏನನ್ನುತ್ತದೆ? 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಕಾರಣವಿಲ್ಲದೆ ತೊರೆದು ಹೋಗುವುದು ಅಪರಾಧ. ಮೊದಲ ಸಲದ ಅಪರಾಧಕ್ಕೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿವರೆಗೆ. ಆರು ದಶಕ ದಾಟಿದರೂ ಆ ಐವತ್ತು ರೂಪಾಯಿ ಐವತ್ತಾಗಿಯೇ ಕುಳಿತಿದೆ. ನಾಲ್ಕು ಜೀವಗಳಿಗೆ ಒಂದು ಎಳನೀರಿನ ದುಡ್ಡು! ಆ ದಂಡವನ್ನೂ ಬೆಕ್ಕಿನ ಮರಿಗಾಗಿ ಕಟ್ಟಿದ ಒಬ್ಬನೇ ಒಬ್ಬನನ್ನು ನಾವು ನಮ್ಮ ಸುತ್ತಲಿನ ಊರುಗಳಲ್ಲಿ ಕಂಡಿಲ್ಲ.

ಇನ್ನು ಧರ್ಮದ ಮಾತು. ಬೆಕ್ಕಿನ ಬಗ್ಗೆ ಮುಸ್ಲಿಮರ ಬಾಯಲ್ಲಿ ಒಂದು ಕಥೆ ಸದಾ ಸಿದ್ಧವಿರುತ್ತದೆ. ಪ್ರವಾದಿಯವರ ಅಂಗಿಯ ತೋಳಿನ ಮೇಲೆ ಬೆಕ್ಕೊಂದು ಮಲಗಿತ್ತಂತೆ, ಅದರ ನಿದ್ದೆ ಕೆಡಿಸಬಾರದೆಂದು ಅವರು ತೋಳನ್ನೇ ಕತ್ತರಿಸಿ ಎದ್ದರಂತೆ. ಕೇಳಲು ಇಂಪಾದ ಈ ಕಥೆಗೆ ಪ್ರಮಾಣಿತ ಹದೀಸ್ ಸಂಗ್ರಹಗಳಲ್ಲಿ ಆಧಾರವಿಲ್ಲ. ಆಧಾರವಿರುವುದು ಬೇರೆಯದಕ್ಕೆ. ಬೆಕ್ಕೊಂದನ್ನು ಕೂಡಿಹಾಕಿ, ತಾನೂ ಉಣಿಸದೆ, ಹೊರಗೆ ಹೋಗಿ ಹುಳುಹುಪ್ಪಟೆ ತಿನ್ನಲೂ ಬಿಡದೆ ಸಾಯಿಸಿದ ಹೆಂಗಸು ನರಕಕ್ಕೆ ಹೋದಳೆಂಬ ಹದೀಸ್ ಬುಖಾರಿಯಲ್ಲೂ ಇದೆ, ಮುಸ್ಲಿಮ್‌ನಲ್ಲೂ ಇದೆ. ವುಜೂವಿಗೆ ಇಟ್ಟ ನೀರಿನ ಪಾತ್ರೆಯನ್ನು ಬೆಕ್ಕು ಕುಡಿಯಲೆಂದು ಬಾಗಿಸಿ ಹಿಡಿದ ಅಬೂ ಖತಾದಾ ಅವರ ಪ್ರಸಂಗ ಅಬೂ ದಾವೂದ್ ಮತ್ತು ತಿರ್ಮಿದಿಯಲ್ಲಿದೆ. ಬೆಕ್ಕು ಅಶುದ್ಧವಲ್ಲ, ನಿಮ್ಮ ಸುತ್ತ ಓಡಾಡಿಕೊಂಡಿರುವ ಮನೆಯ ಜೀವಗಳಲ್ಲೊಂದು ಎಂಬುದು ಅಲ್ಲಿನ ಸಾರ. ಮುದ್ದಿನ ಕಥೆ ನಮಗೆ ಬೇಕು, ಹೊಣೆ ಹೊರಿಸುವ ಹದೀಸ್ ಬೇಡ. ಹಾಗೆಯೇ, ಶ್ರವಣಬೆಳಗೊಳವಿರುವುದು ನಮ್ಮದೇ ತಾಲ್ಲೂಕಿನಲ್ಲಿ. ಸಾವಿರ ವರ್ಷಗಳಿಂದ ಅಹಿಂಸೆಯ ಮಾತು ಕೇಳಿದ ಈ ನೆಲದಲ್ಲಿ ಮರಿಗಳ ಗೋಣಿಚೀಲಕ್ಕೆ ಬರವಿಲ್ಲವೆಂದರೆ ದೋಷ ಬೆಟ್ಟದ್ದಲ್ಲ, ಕೇಳಿದ ಕಿವಿಗಳದ್ದು.

ಮರಿಯನ್ನು ಎಸೆಯುವವರನ್ನು ಬಯ್ಯುವುದು ಸುಲಭ. ಅದನ್ನು ಎತ್ತಿಕೊಂಡು ಬಂದವರ ಬಗ್ಗೆಯೂ ಹೇಳಬೇಕಾಗಿದೆ. ಅರಿವಿಲ್ಲದ ಕರುಣೆಯೂ ಕೊಲ್ಲುತ್ತದೆ. ಮೊದಲನೆಯದಾಗಿ, ಒಂಟಿಯಾಗಿ ಕಂಡ ಮರಿಯೆಲ್ಲ ತಬ್ಬಲಿಯಲ್ಲ. ತಾಯಿ ಬೇಟೆಗೆ ಹೋಗಿರಬಹುದು, ಮರಿಗಳನ್ನು ಒಂದೊಂದಾಗಿ ಬೇರೆ ಜಾಗಕ್ಕೆ ಸಾಗಿಸುತ್ತಿರಬಹುದು. ದೂರದಲ್ಲಿ ನಿಂತು ಕೆಲವು ಗಂಟೆ ಕಾಯದೆ ಮಕ್ಕಳು ಮರಿಯನ್ನು ಬಗಲಿಗೆ ಹಾಕಿಕೊಂಡು ಬಂದರೆ, ಪಾಪದ ಮಕ್ಕಳೇ ಅದನ್ನು ಯತೀಮ್ ಮಾಡಿದಂತಾಯಿತು.

ನಿಜಕ್ಕೂ ತಾಯಿ ಇಲ್ಲವೆಂದು ಖಾತ್ರಿಯಾದ ಮೇಲೆ ನಮ್ಮ ಮನೆಗಳಲ್ಲಿ ಆಗುವುದೇನು? ತಟ್ಟೆಯಲ್ಲಿ ಹಸುವಿನ ಹಾಲು. ತೆನಾಲಿ ರಾಮನ ಬೆಕ್ಕಿನ ಕಥೆ ಹೇಳಿ ನಗದವರು ಯಾರು? ಸುಡುವ ಹಾಲಿಟ್ಟು ಬೆಕ್ಕು ಹಾಲನ್ನೇ ಕಂಡರೆ ಓಡುವಂತೆ ಮಾಡಿದ ಆ ಜಾಣತನಕ್ಕೆ ತಲೆದೂಗಿದ ನಾವು ಬೆಂದ ನಾಲಿಗೆಯನ್ನು ನೆನೆಯಲಿಲ್ಲ. ಈಗ ನಾವು ಇಡುವ ತಣ್ಣನೆಯ ಹಾಲೂ ಅಷ್ಟೇ ಕ್ರೂರ. ಬೆಕ್ಕಿನ ಹಾಲಿನಲ್ಲಿರುವಷ್ಟು ಪ್ರೋಟೀನು, ಕೊಬ್ಬು ಹಸುವಿನ ಹಾಲಿನಲ್ಲಿಲ್ಲ. ಅದು ಮರಿಗೆ ಭೇದಿ ಹಿಡಿಸುತ್ತದೆ. ಅಂಗೈಯಷ್ಟು ಜೀವಕ್ಕೆ ಒಂದು ದಿನದ ಭೇದಿ ಸಾಕು, ನೀರಿನಂಶ ಬತ್ತಿ ಸಾಯುತ್ತದೆ. ಬೆಕ್ಕಿನ ಮರಿಗಳಿಗೆಂದೇ ಮಾಡಿದ ಹಾಲಿನ ಪುಡಿ ದೊಡ್ಡ ಊರುಗಳ ಅಂಗಡಿಗಳಲ್ಲಿ ಸಿಗುತ್ತದೆ. ಅದು ಕೈಗೆ ಬರುವ ತನಕ ಏನು ಕೊಡಬೇಕೆಂದು ಪಶುವೈದ್ಯರನ್ನು ಕೇಳಬೇಕೇ ಹೊರತು ಪಕ್ಕದ ಮನೆಯವರನ್ನಲ್ಲ.

ಹಾಲಿಗಿಂತ ಮೊದಲು ಬೇಕಾದದ್ದು ಬಿಸಿ. ಹುಟ್ಟಿ ಮೂರು ನಾಲ್ಕು ವಾರದವರೆಗೆ ಮರಿಗೆ ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳುವ ಶಕ್ತಿ ಇರುವುದಿಲ್ಲ. ಮೈ ತಣ್ಣಗಾದ ಮರಿಯ ಕರುಳು ಕೆಲಸ ನಿಲ್ಲಿಸಿರುತ್ತದೆ. ಆಗ ಹಾಲು ಹಾಕಿದರೆ ಜೀರ್ಣವಾಗುವುದಿಲ್ಲ, ಶ್ವಾಸಕೋಶಕ್ಕೂ ಇಳಿಯಬಹುದು. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ರಟ್ಟಿನ ಡಬ್ಬದ ಒಂದು ಬದಿಯಲ್ಲಿಟ್ಟು, ಸೆಕೆಯಾದರೆ ಸರಿದುಕೊಳ್ಳಲು ಇನ್ನೊಂದು ಬದಿ ಬಿಟ್ಟು, ಮೈ ಬೆಚ್ಚಗಾದ ಮೇಲೆಯೇ ಹಾಲು. ಮನುಷ್ಯರ ಕೂಸಿನಂತೆ ಅಂಗಾತ ಮಲಗಿಸಬಾರದು. ತಾಯಿಯ ಹತ್ತಿರ ಕುಡಿಯುವಂತೆ ಹೊಟ್ಟೆ ಕೆಳಗಾಗಿಯೇ ಕುಡಿಸಬೇಕು. ಮೊದಲ ವಾರ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಬಿಡುವಂತಿಲ್ಲ. ಪ್ರತಿಸಲ ಕುಡಿಸಿದ ಮೇಲೆ ಬೆಚ್ಚನೆಯ ನೀರಲ್ಲಿ ಅದ್ದಿದ ಹತ್ತಿಯಿಂದ ಬಾಲದ ಬುಡ ಒರೆಸಬೇಕು. ತಾಯಿ ನೆಕ್ಕದಿದ್ದರೆ ಎಳೆಮರಿಗೆ ತಾನಾಗಿ ಉಚ್ಚೆ, ಹೇಲು ಆಗುವುದಿಲ್ಲವೆಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಹುಟ್ಟಿದಾಗ ಸುಮಾರು 100 ಗ್ರಾಂ ತೂಗುವ ಮರಿ ದಿನಕ್ಕೆ ಹತ್ತು ಹದಿನೈದು ಗ್ರಾಂ ಏರಬೇಕು. ಏರದಿದ್ದರೆ, ಇಳಿದರಂತೂ, ಅದು ವೈದ್ಯರ ಬಳಿ ಹೋಗುವ ಗಳಿಗೆ.

ಕಾಯಿಲೆ ಬಿದ್ದ ಮರಿಯ ಮುಂದೆ ನಮ್ಮ ಅಜ್ಞಾನ ಇನ್ನೂ ಅಪಾಯಕಾರಿ. ಮೈ ಬಿಸಿಯಾಗಿದೆಯೆಂದು ಮನೆಯಲ್ಲಿದ್ದ ಜ್ವರದ ಮಾತ್ರೆ ಚೂರು ಮಾಡಿ ಬಾಯಿಗೆ ಹಾಕುವವರಿದ್ದಾರೆ. ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಅದರ ಯಕೃತ್ತಿಗಿಲ್ಲ. ಒಂದು ಚೂರೇ ಕೊಲ್ಲಬಲ್ಲದು. ಚಿಗಟಕ್ಕೆಂದು ನಾಯಿಗೆ ಹಾಕುವ ಪರ್ಮೆಥ್ರಿನ್ ಪುಡಿಯೂ ವಿಷ, ನೆಲ ಒರೆಸುವ ಫಿನಾಯಿಲೂ ವಿಷ. ಕಣ್ಣು ಕೀವು ಕಟ್ಟಿ ಅಂಟಿಕೊಂಡಿದ್ದರೆ ಕಾಯಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ, ಒಂದೊಂದು ಕಣ್ಣಿಗೆ ಬೇರೆ ಬೇರೆ ಹತ್ತಿ ಬಳಸಿ ಮೆಲ್ಲಗೆ ಒರೆಸಬಹುದು. ಔಷಧಿ ಹನಿ ಮಾತ್ರ ವೈದ್ಯರೇ ಬರೆಯಬೇಕು.

ಒಂದು ಬೇಸಿಗೆಯಲ್ಲಿ ತಾಯಿ ಸತ್ತ ನಾಲ್ಕು ಮರಿಗಳು ನಮ್ಮ ಮನೆ ಸೇರಿದವು. ವಾಂತಿ ಭೇದಿ ಹಿಡಿದು ಎರಡು ದಿನದಲ್ಲಿ ಎರಡು ಹೋದವು. ಬೆಕ್ಕುಗಳ ಪಾರ್ವೊ ವೈರಸ್ ಇರಬೇಕೆಂದರು ವೈದ್ಯರು. ಅದು ಮನುಷ್ಯರಿಗೆ ಅಂಟುವುದಿಲ್ಲ, ಆದರೆ ಮನೆಯ ನೆಲದಲ್ಲಿ ತಿಂಗಳುಗಟ್ಟಲೆ ಕಾದು ಕುಳಿತು ಲಸಿಕೆಯಾಗದ ಮುಂದಿನ ಮರಿಯನ್ನು ಹಿಡಿಯುತ್ತದೆ. ಉಳಿದೆರಡು ಬದುಕಿದವು. ರಾತ್ರಿ ಎರಡು ಗಂಟೆಗೆ ಎದ್ದು ನೀರು ಕಾಯಿಸಿದವರು, ಸಿರಿಂಜಿನಲ್ಲಿ ಹನಿ ಹನಿಯಾಗಿ ಕುಡಿಸಿದವರು, ಮರಿಗಳ ಮೈ ಒರೆಸಿ ಹಳೆ ದುಪಟ್ಟಾದಲ್ಲಿ ಸುತ್ತಿದವರು ಮನೆಯ ಹೆಂಗಸರು, ಹೆಣ್ಣುಮಕ್ಕಳು. ಎಲ್ಲ ಮನೆಗಳಲ್ಲೂ ಹೀಗೆಯೇ. ಕರುಣೆಯ ಬಗ್ಗೆ ಭಾಷಣ ಮಾಡುವ ಸವಾಬು ಗಂಡಸರಿಗೆ, ಕರುಣೆಯ ಚಾಕರಿ ಹೆಂಗಸರಿಗೆ!

ಆಗಲೇ ನೆರೆಯ ಗೌಡರೊಬ್ಬರು ಕೇಳಿದ್ದು: "ಅಲ್ಲ ಸಾಬ್ರೇ, ಮನುಷ್ಯರ ಮಕ್ಕಳಿಗೇ ಹಾಲಿಲ್ಲ, ನೀವು ಬೆಕ್ಕಿನ ಮರಿಗೆ ಬೆಂಗಳೂರಿಂದ ಡಬ್ಬ ತರಿಸ್ತೀರಲ್ಲ?" ಪ್ರಶ್ನೆ ಪೊಳ್ಳಲ್ಲ. ನೂರೆಂಟು ಸಂಕಟಗಳ ನಡುವೆ ಬದುಕುವವರ ಪ್ರಶ್ನೆ ಅದು. ನಾವು ಹೇಳಿದೆವು: "ಗೌಡ್ರೇ, ಮರಿಗೆ ಹಾಲು ಕೊಟ್ಟಿದ್ದರಿಂದ ಯಾವ ಮಗುವಿನ ಲೋಟ ಖಾಲಿಯಾಯಿತು ಹೇಳಿ." ಮನುಷ್ಯರ ಮಕ್ಕಳ ಹಾಲು ಕಸಿದವರ ಪಟ್ಟಿ ಮಾಡಿದರೆ ಅದರಲ್ಲಿ ಬೆಕ್ಕಿನ ಹೆಸರು ಇರುವುದಿಲ್ಲ. ಇನ್ನೂ ಒಂದು ಮಾತು. ಮೂಕಜೀವದ ಚೀರಾಟ ಕೇಳಿಯೂ ಕೇಳದಂತೆ ಇರುವುದನ್ನು ಮಕ್ಕಳಿಗೆ ಒಮ್ಮೆ ಕಲಿಸಿದೆವೆಂದರೆ, ನಾಳೆ ಯಾವ ಬೀದಿಯ, ಯಾವ ಕೇರಿಯ ಚೀರಾಟವನ್ನೂ ಅವರು ಹಾಗೆಯೇ ದಾಟಿ ಹೋಗುತ್ತಾರೆ. ಕಿವುಡುತನಕ್ಕೆ ಜಾತಿ ನೋಡಿ ನಿಲ್ಲುವ ಅಭ್ಯಾಸವಿಲ್ಲ.

ಸರ್ಕಾರದ ಲೆಕ್ಕದಲ್ಲಂತೂ ಬೆಕ್ಕು ಇಲ್ಲವೇ ಇಲ್ಲ. 2019ರ ಇಪ್ಪತ್ತನೇ ಜಾನುವಾರು ಗಣತಿ ದನ, ಎಮ್ಮೆ, ಕುರಿ, ಮೇಕೆ, ನಾಯಿ, ಮೊಲ, ಆನೆಗಳನ್ನೆಲ್ಲ ಎಣಿಸಿತು. ಬೆಕ್ಕಿಗೆ ಕಾಲಮ್ಮೇ ಇರಲಿಲ್ಲ. ಎಣಿಕೆಗೆ ಸಿಗದ ಜೀವಕ್ಕೆ ಔಷಧಿ, ಲಸಿಕೆ ಎಲ್ಲಿಂದ ಬರಬೇಕು? ಊರಿನ ಪಶು ಆಸ್ಪತ್ರೆಗಳು ದನ, ಕುರಿಗಳಿಗಾಗಿ ಹುಟ್ಟಿದವು. ರೈತನ ಬದುಕು ಅದರ ಮೇಲೆ ನಿಂತಿರುವುದರಿಂದ ತಪ್ಪೆನ್ನಲಾರೆವು. ಆದರೆ ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಹೇಮಾವತಿಯ ನೀರನ್ನು ತುಮಕೂರಿನ ಕಡೆಗೆ ಒಯ್ಯಲು ನೆಲದಡಿಯಲ್ಲಿ ಬಾಗೂರು–ನವಿಲೆ ಸುರಂಗ ಕೊರೆದ ಸರ್ಕಾರಕ್ಕೆ ಹೋಬಳಿಯ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಬೆಕ್ಕು ನಾಯಿಗಳ ಲಸಿಕೆಗೂ ಸಂತಾನಹರಣ ಚಿಕಿತ್ಸೆಗೂ ಮೀಸಲಿಡುವುದು ಅಸಾಧ್ಯವೇ?

ಸಂತಾನಹರಣವೆಂದೊಡನೆ ಮುಖ ಸಿಂಡರಿಸುವವರಿದ್ದಾರೆ. "ದೇವರ ಸೃಷ್ಟಿಯಲ್ಲಿ ಕೈ ಹಾಕಬಾರದು" ಎನ್ನುತ್ತಾರೆ. ಹಾನಿ ತಪ್ಪಿಸಲು ಇದನ್ನು ಮಾಡಬಹುದೆಂದ ಆಲಿಮರು ಹಲವರಿದ್ದಾರೆ, ಬೇಡವೆಂದವರೂ ಇದ್ದಾರೆ. ಚರ್ಚೆ ನಡೆಯಲಿ. ಆದರೆ ಹೆಣ್ಣುಬೆಕ್ಕು ಐದು ತಿಂಗಳಿಗೇ ಗಬ್ಬವಾಗಬಲ್ಲದು, ಒಂಬತ್ತು ವಾರದಲ್ಲಿ ಮರಿ ಹಾಕುತ್ತದೆ, ವರ್ಷಕ್ಕೆ ಎರಡು ಮೂರು ಸಲ ಹಾಕುತ್ತದೆ. ಸೃಷ್ಟಿಯಲ್ಲಿ ಕೈ ಹಾಕಬಾರದೆನ್ನುವವರು ಪ್ರತಿಸಲವೂ ಗೋಣಿಚೀಲಕ್ಕೆ ಕೈ ಹಾಕುತ್ತಾರಲ್ಲ, ಅದಕ್ಕೇನು ಫತ್ವಾ?

ನಾವು ಕೇಳುವುದು ಹೆಚ್ಚೇನಲ್ಲ. ಎಲ್ಲರೂ ಬೆಕ್ಕು ಸಾಕಿರೆಂದು ಹೇಳುತ್ತಿಲ್ಲ. ಬೆಕ್ಕಿಗೆ ಎಟುಕುವಲ್ಲಿ ಪಾಷಾಣ ಇಡಬೇಡಿ, ಬೋನು ಇಡಿ. ಮನೆಯ ಬೆಕ್ಕಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿ. ಮರಿಗಳಿದ್ದರೆ ಎರಡು ತಿಂಗಳು ತಾಯಿಯ ಬಳಿ ಬಿಟ್ಟು ಆಮೇಲೆ ಬೇಕೆಂದವರಿಗೆ ಕೊಡಿ. ತಬ್ಬಲಿ ಮರಿ ಎದುರಾದರೆ ಮೊದಲು ಬಿಸಿ, ಆಮೇಲೆ ಸರಿಯಾದ ಹಾಲು, ಜೊತೆಗೆ ವೈದ್ಯರು. ಕಚ್ಚಿದರೆ, ಪರಚಿದರೆ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಿಕೊಳ್ಳಿ. ಮಾಡಲು ಆಗದಿದ್ದರೆ, ಮಾಡುತ್ತಿರುವ ಮನೆಯ ಹುಡುಗಿಯನ್ನು ಗೇಲಿಯಾದರೂ ಮಾಡಬೇಡಿ. ಆ ರಾತ್ರಿಯ ಒಂದು ಪಾಳಿ ನೀವು ಎದ್ದು ಕೂರಿ.

ಬೆಕ್ಕು ಅಡ್ಡ ಬಂದರೆ ಹೋದ ಕೆಲಸ ಕೆಡುತ್ತದೆಂದು ಹಿಂದಿರುಗಿ ಬರುವ ಜನ ನಾವು. ಬೆಕ್ಕಿನ ಬದುಕಿಗೆ ನಾವೆಷ್ಟು ಸಲ ಅಡ್ಡ ಹೋಗಿದ್ದೇವೆಂಬ ಲೆಕ್ಕ ಬರೆಯಲು ಬೆಕ್ಕಿಗೆ ಬರುವುದಿಲ್ಲ. ಬರೆಯಬಲ್ಲವರು ನಾವು. ಲೆಕ್ಕ ಒಪ್ಪಿಸಬೇಕಾದವರೂ ನಾವೇ.