ಕಳೆದ ಅಂಕಕ್ಕೆ ಕಾರಣ ಕೊಡಿ

ಸಿಬಿಎಸ್‌ಇ ಹನ್ನೆರಡನೇ ತರಗತಿಯಲ್ಲಿ ಕಾನೂನು ಅಧ್ಯಯನವನ್ನು ಐಚ್ಛಿಕ ವಿಷಯವಾಗಿ ಆಯ್ದುಕೊಂಡ ಮಕ್ಕಳು ನ್ಯಾಯಾಂಗದ ರಚನೆ, ಮಾನವ ಹಕ್ಕುಗಳು, ಉಚಿತ ಕಾನೂನು ನೆರವು, ನ್ಯಾಯಾಲಯದ ಹೊರಗೆ ವ್ಯಾಜ್ಯ ಬಗೆಹರಿಸುವ ಬಗೆ ಇವನ್ನೆಲ್ಲ ಓದುತ್ತಾರೆ. ಅಧಿಕಾರ ಚಲಾಯಿಸುವವರು ತಮ್ಮ ತೀರ್ಮಾನಕ್ಕೆ ಕಾರಣ ಹೇಳಬೇಕು, ಆ ತೀರ್ಮಾನದಿಂದ ನಷ್ಟವಾದವರ ಮಾತನ್ನು ಕೇಳಬೇಕು ಎಂಬುದೇ ಈ ಪಾಠಗಳೆಲ್ಲದರ ತಿರುಳು. ಅದೇ ವಿಷಯದ ಪರೀಕ್ಷೆಯಲ್ಲಿ ದೀರ್ಘ ಉತ್ತರವೊಂದಕ್ಕೆ ಅರ್ಧ ಅಂಕಗಳಷ್ಟೇ ಬಂದಾಗ, ಉಳಿದರ್ಧ ಏಕೆ ಹೋಯಿತೆಂದು ಕೇಳಿದರೆ ಮಾತ್ರ ಕಾರಣ ಹೇಳುವವರಿಲ್ಲ. ಅಂಕ ಕೊಡುವುದೂ ಒಂದು ತೀರ್ಪು. ತೀರ್ಪಿಗೆ ಕಾರಣ ಬೇಕು ಎಂದು ಕಲಿಸುವ ವಿಷಯದಲ್ಲಾದರೂ ಕಳೆದ ಅಂಕಕ್ಕೆ ಲಿಖಿತ ಕಾರಣ ಕೇಳುವುದು ವಿದ್ಯಾರ್ಥಿಯ ಹಕ್ಕಾಗಬೇಕು.

ಇಂದು ವಿದ್ಯಾರ್ಥಿಗಳಿಗಿರುವ ಅಷ್ಟಿಷ್ಟು ಹಕ್ಕೂ ಸುಲಭವಾಗಿ ಬಂದದ್ದಲ್ಲ. ಮಹಾರಾಷ್ಟ್ರದ ಶಿಕ್ಷಣ ಮಂಡಳಿಯ ಪ್ರಕರಣದಲ್ಲಿ 1984ರಲ್ಲಿ ಸುಪ್ರೀಂ ಕೋರ್ಟ್, ಉತ್ತರ ಪತ್ರಿಕೆ ನೋಡುವ ಅಥವಾ ಮರುಮೌಲ್ಯಮಾಪನ ಕೇಳುವ ಹಕ್ಕು ಪರೀಕ್ಷಾರ್ಥಿಗೆ ಇಲ್ಲ ಎಂಬ ನಿಯಮವನ್ನು ಎತ್ತಿಹಿಡಿದಿತ್ತು. ಮಾಹಿತಿ ಹಕ್ಕು ಕಾಯ್ದೆ ಬಂದ ಮೇಲೆ ಚಿತ್ರ ಬದಲಾಯಿತು. 2011ರ ಆಗಸ್ಟ್‌ನಲ್ಲಿ, ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಮೌಲ್ಯಮಾಪನವಾದ ಉತ್ತರ ಪತ್ರಿಕೆಯೂ ‘ಮಾಹಿತಿ’ಯೇ, ಅದನ್ನು ನೋಡುವ ಹಕ್ಕು ಬರೆದವರಿಗೆ ಇದೆ ಎಂದು ಸಿಬಿಎಸ್‌ಇಗೆ ಹೇಳಿತು. ಅಷ್ಟಾದರೂ 2017ರಲ್ಲಿ ಮಂಡಳಿ ಮರುಮೌಲ್ಯಮಾಪನವನ್ನು ಕೈಬಿಟ್ಟಾಗ ಮಕ್ಕಳು ದೆಹಲಿ ಹೈಕೋರ್ಟಿನ ಮೆಟ್ಟಿಲೇರಬೇಕಾಯಿತು. ಮೊದಲು ಉತ್ತರ ಪತ್ರಿಕೆಯ ಪ್ರತಿ ಪಡೆದು, ಅದನ್ನು ನೋಡಿಕೊಂಡು ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವ ಸರಿಯಾದ ಕ್ರಮ ಬಂದದ್ದು 2025ರಲ್ಲಿ. ಹೀಗೆ ನೋಡುವ ಹಕ್ಕು ದಕ್ಕಿದೆ. ಆದರೆ ಪ್ರತಿ ಕೈಗೆ ಬಂದರೆ ಕಾಣುವುದು ಅಂಚಿನಲ್ಲಿ ಬರೆದ ಒಂದು ಅಂಕಿ ಮಾತ್ರ. ಅದರ ಹಿಂದಿನ ವಿಚಾರ ಕಾಣುವುದಿಲ್ಲ.

ಗಣಿತದಲ್ಲಿ ಈ ಕೊರತೆಯನ್ನು ಹೇಗೋ ತುಂಬಿಕೊಳ್ಳಬಹುದು, ಲೆಕ್ಕ ಎಲ್ಲಿ ತಪ್ಪಿತೆಂದು ಹುಡುಕಿದರೆ ಸಿಗುತ್ತದೆ. ಕಾನೂನಿನ ಉತ್ತರ ಹಾಗಲ್ಲ, ಅಲ್ಲಿ ವಾದವೇ ಉತ್ತರ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರ ಪ್ರಕರಣವನ್ನು 1973ರಲ್ಲಿ ತೀರ್ಮಾನಿಸಿದ 13 ನ್ಯಾಯಮೂರ್ತಿಗಳು 7-6ರಲ್ಲಿ ಒಡೆದುಹೋಗಿದ್ದರು. 1976ರಲ್ಲಿ, ತುರ್ತುಪರಿಸ್ಥಿತಿಯ ನಡುವೆ, ಬಂಧಿತರು ನ್ಯಾಯಾಲಯದ ಮೊರೆ ಹೋಗಬಹುದೇ ಎಂಬ ಜಬಲ್ಪುರ ಪ್ರಕರಣದಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. 2017ರಲ್ಲಿ ಖಾಸಗಿತನದ ಹಕ್ಕಿನ ತೀರ್ಪು ಬಂದಾಗ ನ್ಯಾಯಾಲಯ ಆ ಹಳೆಯ ಬಹುಮತವನ್ನು ತಳ್ಳಿಹಾಕಿತು. ಅಂಥ ಭಿನ್ನಮತದ ಜಾಡಿನಲ್ಲಿ ಯೋಚಿಸಿ, ಕಾರಣ ಕೊಟ್ಟು ಬರೆದ ವಿದ್ಯಾರ್ಥಿಯ ಉತ್ತರವನ್ನು ಕೀ ಉತ್ತರದ ನಾಲ್ಕು ಅಂಶಗಳ ಪಕ್ಕ ಇಟ್ಟು ಅಳೆದರೆ ನಷ್ಟ ಖಚಿತ. ಈ ಅಪಾಯ ಮಂಡಳಿಗೆ ಗೊತ್ತಿಲ್ಲದ್ದೇನಲ್ಲ. ಉತ್ತರ ಹೊಸ ಬಗೆಯಲ್ಲಿದ್ದರೂ ಸರಿಯಾಗಿದ್ದರೆ ತಕ್ಕ ಅಂಕ ಕೊಡಿ ಎಂದು ಮೌಲ್ಯಮಾಪಕರಿಗೆ ಕೊಡುವ ಸೂಚನೆಗಳಲ್ಲೇ ಅದು ಹೇಳುತ್ತದೆ. ಆ ಸೂಚನೆ ಪಾಲನೆಯಾಯಿತೇ ಎಂದು ತಿಳಿಯುವ ದಾರಿ ಮಾತ್ರ ಇಲ್ಲ.

ಅದೇ ಸೂಚನೆಗಳು ಇನ್ನೂ ಒಂದು ಸತ್ಯವನ್ನು ಬಿಚ್ಚಿಡುತ್ತವೆ. ಹಿಂದೆ ಮೌಲ್ಯಮಾಪಕರಿಂದ ಆಗಿರುವ ತಪ್ಪುಗಳ ಪಟ್ಟಿಯೇ ಅಲ್ಲಿದೆ: ಉತ್ತರವನ್ನು ನೋಡದೆ ಬಿಡುವುದು, ಕೂಡುವಾಗ ತಪ್ಪುವುದು, ಒಳಪುಟದ ಅಂಕ ಮುಖಪುಟಕ್ಕೆ ತಪ್ಪಾಗಿ ಬರುವುದು. ದಿನಕ್ಕೆ ಎಂಟು ಗಂಟೆ ಕೂತು ಮುಖ್ಯ ವಿಷಯಗಳಲ್ಲಿ 20, ಇತರ ವಿಷಯಗಳಲ್ಲಿ 25 ಪತ್ರಿಕೆ ತಿದ್ದಬೇಕೆಂಬ ನಿಯಮವೂ ಅಲ್ಲಿದೆ. ಭಾಗಿಸಿ ನೋಡಿದರೆ, ಮೂರು ಗಂಟೆ ಬರೆದ 80 ಅಂಕದ ಪತ್ರಿಕೆಗೆ ಸಿಗುವುದು ಸುಮಾರು 19ರಿಂದ 24 ನಿಮಿಷ. ಈ ಒತ್ತಡದಲ್ಲಿ ಎಷ್ಟೇ ಪ್ರಾಮಾಣಿಕ ಶಿಕ್ಷಕರೂ ಎಡವಬಹುದು. ಆದ್ದರಿಂದ ಅಂಕ ಪ್ರಶ್ನಿಸುವುದು ಗುರುಗಳಿಗೆ ಮಾಡುವ ಅಗೌರವ ಎಂಬ ಮಾತು ನಿಲ್ಲುವುದಿಲ್ಲ. ಕೆಳ ನ್ಯಾಯಾಲಯದ ತೀರ್ಪಿನ ಮೇಲೆ ಮೇಲ್ಮನವಿ ಹಾಕಿದರೆ ನ್ಯಾಯಾಧೀಶರಿಗೆ ಅವಮಾನ ಮಾಡಿದಂತೆ ಎಂದು ಯಾರೂ ಹೇಳುವುದಿಲ್ಲವಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಬೇರೆ ಇದೆ. ಲಕ್ಷಾಂತರ ಮಕ್ಕಳು ಬರೆಯುವ ಪರೀಕ್ಷೆ ಎಲ್ಲಾದರೂ ಕೊನೆಗೊಳ್ಳಬೇಕು, ಕಾಲೇಜು ಪ್ರವೇಶ ಕಾಯುವುದಿಲ್ಲ ಎಂಬ 1984ರ ತೀರ್ಪಿನ ಚಿಂತೆ ಇಂದಿಗೂ ನಿಜ. 2017ರಲ್ಲಿ ರಣವಿಜಯ್ ಸಿಂಗ್ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್, ನ್ಯಾಯಾಲಯಗಳು ತಾವೇ ಮರುಮೌಲ್ಯಮಾಪನಕ್ಕೆ ಇಳಿಯಬಾರದು, ಸಂದೇಹವಿದ್ದರೆ ಅದರ ಲಾಭ ಪರೀಕ್ಷಾ ಸಂಸ್ಥೆಗೇ ಹೋಗಬೇಕು ಎಂದಿತು. ಈ ಮಾತನ್ನು ನಾನು ಒಪ್ಪುತ್ತೇನೆ. ನ್ಯಾಯಮೂರ್ತಿಗಳು ಉತ್ತರ ಪತ್ರಿಕೆ ತಿದ್ದುತ್ತ ಕೂರುವುದು ಯಾರಿಗೂ ಒಳ್ಳೆಯದಲ್ಲ. ಆದರೆ ನ್ಯಾಯಾಲಯದ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುವಾಗ ಮಂಡಳಿಯ ಬಾಗಿಲು ಪೂರ್ತಿ ತೆರೆದಿರಬೇಕಾದದ್ದು ನ್ಯಾಯ. ಕೊನೆಯ ಮಾತು ತನ್ನದೇ ಎನ್ನುವ ಸಂಸ್ಥೆ ಆ ಮಾತಿನ ಕಾರಣವನ್ನೂ ಹೇಳಬೇಕು. ಹೊರೆ ಹೆಚ್ಚುತ್ತದೆ ಎಂಬ ಭಯಕ್ಕೂ ಉತ್ತರವಿದೆ. ಎಲ್ಲ ಪತ್ರಿಕೆಗಳಿಗೆ ಟಿಪ್ಪಣಿ ಬರೆಯಿರಿ ಎಂದು ಕೇಳುತ್ತಿಲ್ಲ. ಮರುಮೌಲ್ಯಮಾಪನಕ್ಕೆ ಬಂದ ದೀರ್ಘ ಉತ್ತರಗಳಿಗೆ ಮಾತ್ರ, ಯಾವ ಅಂಶ ಇಲ್ಲವೆಂದು ಅಂಕ ಹೋಯಿತು ಎಂಬ ಒಂದೆರಡು ಸಾಲು ಸಾಕು.

ನಮ್ಮ ರಾಜ್ಯದ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಎಸ್ಸೆಸ್ಸೆಲ್ಸಿ ಕೀ ಉತ್ತರಗಳನ್ನು ಪ್ರಕಟಿಸಿ ಆಕ್ಷೇಪಣೆ ಕರೆಯುತ್ತದೆ, ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಯನ್ನೂ ಕೊಡುತ್ತದೆ. ಅದರಿಂದ ಪರೀಕ್ಷಾ ವ್ಯವಸ್ಥೆ ಕುಸಿದುಬೀಳಲಿಲ್ಲ. ಎರಡೂ ಮಂಡಳಿಗಳು ಇಡಬೇಕಾದ ಮುಂದಿನ ಹೆಜ್ಜೆ ಕಾರಣ ಕೊಡುವುದು. ಜೊತೆಗೆ ಕಾನೂನು ಅಧ್ಯಯನದ 20 ಅಂಕದ ಪ್ರಾಜೆಕ್ಟ್ ಮರುಮೌಲ್ಯಮಾಪನದ ವ್ಯಾಪ್ತಿಗೇ ಬರುವುದಿಲ್ಲ. ಅದರ ಅಂಕಗಳನ್ನು ಯಾವುದಕ್ಕೆ ಎಷ್ಟೆಂದು ಬಿಡಿಸಿ ವಿದ್ಯಾರ್ಥಿಗೆ ಕೊಡಬೇಕು. ಅಂಕ ಹೆಚ್ಚಾದರೆ ಕಟ್ಟಿಸಿಕೊಂಡ ಶುಲ್ಕ ಹಿಂದಿರುಗಬೇಕು. ಮಂಡಳಿಯ ತಪ್ಪಿಗೆ ಮಗು ದಂಡ ತೆರಬಾರದು. ಕಾರಣ ತಿಳಿದ ಮೇಲೂ ಎಷ್ಟೋ ಮಕ್ಕಳ ಅಂಕ ಇದ್ದಷ್ಟೇ ಇರಬಹುದು, ಇರಲಿ. ಸೋತವರೂ ಓದಿ ಒಪ್ಪಬಹುದಾದ ತೀರ್ಪು ಹೇಗಿರುತ್ತದೆ ಎಂಬುದನ್ನು ಅವರು ಪಠ್ಯದಲ್ಲಿ ಓದಿರುತ್ತಾರೆ, ತಮ್ಮ ಉತ್ತರ ಪತ್ರಿಕೆಯಲ್ಲೂ ಅದನ್ನು ಕಾಣಲಿ.