ಪೀಠದ ಮಾತೆಲ್ಲ ನೀತಿಯಲ್ಲ

ನೀತಿಯ ಪ್ರಶ್ನೆ ಎದುರಾದಾಗ ರಾಜಕಾರಣಿಗಳು ಗುರುಪೀಠಗಳ ಮಾತು ಕೇಳಬೇಕೆಂದು ಕಳೆದ ಸಂಚಿಕೆಯ ಲೇಖಕರು ಬರೆದಿದ್ದಾರೆ. ಸಾಂಗಲಿ ಬಳಿಯ ಕುಪವಾಡದಲ್ಲಿ ಕೂತು ಅದನ್ನು ಓದಿದ ನನಗೆ ಪಕ್ಕದ ಕೊಲ್ಲಾಪುರ ನೆನಪಾಯಿತು. ಅಲ್ಲಿ ಶಾಹೂ ಮಹಾರಾಜರಿಗೆ ವೇದೋಕ್ತ ವಿಧಿ ನಡೆಸಲು ರಾಜಪುರೋಹಿತರೇ ಒಪ್ಪಲಿಲ್ಲ. ರಾಜ ಶೂದ್ರ ಎಂಬುದು ಅವರ ಧರ್ಮನಿರ್ಣಯ! ಅದಕ್ಕೆ ತಲೆಬಾಗಿದ್ದರೆ, ಸಂಸ್ಥಾನದ ಖಾಲಿ ಹುದ್ದೆಗಳಲ್ಲಿ ಶೇ 50ರಷ್ಟನ್ನು ಹಿಂದುಳಿದವರಿಗೆ ಮೀಸಲಿಟ್ಟ 1902ರ ಜುಲೈ 26ರ ಆದೇಶ ಹೊರಡುತ್ತಿತ್ತೇ? ಹಾಗಂತ ಶಾಹೂ ಯಾರ ಮಾತೂ ಕೇಳದವರಲ್ಲ. 1920ರ ಮಾರ್ಚ್‌ನಲ್ಲಿ ಮಾಣಗಾವದ ಅಸ್ಪೃಶ್ಯರ ಪರಿಷತ್ತಿಗೆ ತಾವೇ ಹೋದರು. ಇನ್ನೂ ಮೂವತ್ತು ತುಂಬದ ಅಂಬೇಡ್ಕರರನ್ನು ತೋರಿಸಿ, ಇವರೇ ನಿಮ್ಮ ನಾಯಕ ಎಂದು ಸಾರಿದರು.

ಇಂದಿನ ಪೀಠಗಳ ಸಲಹೆ ಎಂಥದ್ದು? 2020ರ ಜನವರಿಯಲ್ಲಿ ಹರಿಹರದ ವೇದಿಕೆಯಲ್ಲೇ ಪಂಚಮಸಾಲಿ ಪೀಠದ ವಚನಾನಂದ ಸ್ವಾಮೀಜಿ, ತಮ್ಮ ಸಮುದಾಯದ ಮುರುಗೇಶ ನಿರಾಣಿಯವರನ್ನು ಮಂತ್ರಿ ಮಾಡಿ ಎಂದು ಪಟ್ಟು ಹಿಡಿದರು. ಮುಖ್ಯಮಂತ್ರಿ ಯಡಿಯೂರಪ್ಪ ಸಿಟ್ಟಿನಿಂದ ಎದ್ದು ನಿಂತರು. ಇದರಲ್ಲಿ ನೀತಿ ಎಲ್ಲಿತ್ತು, ಲೇಖಕರೇ ಹೇಳಲಿ. ನನಗೆ ಕಂಡದ್ದು ಜಾತಿಯ ಲೆಕ್ಕಾಚಾರ ಮಾತ್ರ.

ನಮ್ಮ ನಾಯಕರಿಗೆ ಯಾರನ್ನಾದರೂ ಕೇಳಲೇಬೇಕಿದ್ದರೆ, ಕುಪವಾಡದ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ಮುಗಿಸಿ ಬರುವವರನ್ನು ಕೇಳಲಿ. ತೀರ್ಮಾನ ತಪ್ಪಿದರೆ ಹೊಣೆಯನ್ನು ಮಾತ್ರ ಯಾವ ಗುರುವಿನ ಹೆಗಲಿಗೂ ದಾಟಿಸದಿರಲಿ.